ಮುಂಬಯಿ ರಂಗದಿಂದ ಕಿರುತೆರೆಗೆ: ‘ಗುಡ್ಡದ ಭೂತ’ ಮತ್ತು ಗಡಿನಾಡ ಕನ್ನಡ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗಳಲ್ಲಿ ಶಾಸನಗಳ, ಸಂಸ್ಥಾನಗಳ, ಶರಣರ ಚರಿತ್ರೆ ಬರುವುದು ವಾಡಿಕೆ. ಜತ್ತ ತಾಲೂಕಿಗೆ ಅದಾವುದರ ಕೊರತೆಯೂ ಇಲ್ಲ. ಗುಡ್ಡಾಪುರದ ದಾನಮ್ಮದೇವಿಯ ನೆಲ ಇದು. ಡಫಳೆ ಮನೆತನದವರು ಆಳಿದ ಸಂಸ್ಥಾನ ಇದು. ಆದರೂ ಈ ಬಾರಿ ನಾವು ದೂರದರ್ಶನದ ಒಂದು ಧಾರಾವಾಹಿಯ ಚರಿತ್ರೆಯನ್ನು ಕೈಗೆತ್ತಿಕೊಂಡಿದ್ದೇವೆ. ಅದು 1990ರ ಸುಮಾರಿಗೆ ಬೆಂಗಳೂರು ದೂರದರ್ಶನದಲ್ಲಿ ಪ್ರಸಾರವಾದ ‘ಗುಡ್ಡದ ಭೂತ’. ಭಯ, ಅಪರಾಧದ ಸಂಶಯ, ಹಳ್ಳಿಯ ಹರಟೆ ಇವು ಮೂರೂ ಕೂಡಿದ ಕಥೆ ಅದರದು. ಕೇವಲ ಮನರಂಜನೆಯ ನೆನಪಿಗಾಗಿ ನಾವು ಇದನ್ನು ಆಯ್ದುಕೊಂಡಿಲ್ಲ. ಕನ್ನಡದ ಈ ಹೆಸರಾಂತ ರಹಸ್ಯ ಧಾರಾವಾಹಿಯನ್ನು ನಿರ್ದೇಶಿಸಿದವರು ಮಹಾರಾಷ್ಟ್ರದಲ್ಲಿ ಬಾಳಿದ ಕನ್ನಡಿಗರು, ಮುಂಬಯಿಯ ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದವರು. ರಾಜ್ಯದ ಗಡಿಯಾಚೆಗೆ ಇರುವ ಕನ್ನಡ ಸಂಘಗಳು ನಾಡಿನಿಂದ ಪಡೆಯುವುದಷ್ಟೇ ಅಲ್ಲ, ನಾಡಿಗೆ ಕೊಡುವುದೂ ಉಂಟೆಂಬುದಕ್ಕೆ ಇದೊಂದು ಸಾಕ್ಷಿ. ಆ ಸಾಕ್ಷಿಯನ್ನು ನಮ್ಮ ಸಂಘದ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕರಾವಳಿಯ ಕಥೆಗೂ ಬಯಲುಸೀಮೆಯ ಜತ್ತಕ್ಕೂ ಎತ್ತಣ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಹೊಸದಲ್ಲ. ನಮ್ಮ ಜಿಲ್ಲೆಯ ಕೇಂದ್ರವಾದ ಸಾಂಗಲಿಗೆ 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯಿಂದ ಒಂದು ಯಕ್ಷಗಾನ ಮೇಳ ಬಂದಿತ್ತು. ಆ ಆಟವನ್ನು ಕಂಡು ಮೆಚ್ಚಿದ ಸಾಂಗಲಿ ಸಂಸ್ಥಾನದ ಅಧಿಪತಿ ಚಿಂತಾಮಣರಾವ ಪಟವರ್ಧನರು ಅಂಥದೊಂದು ಆಟವನ್ನು ಮರಾಠಿಯಲ್ಲಿ ಕಟ್ಟುವಂತೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಅದರ ಫಲವಾಗಿ 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗವೇರಿತು. ಇಂದಿಗೂ ಮಹಾರಾಷ್ಟ್ರವು ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ. ಕನ್ನಡದ ಕರಾವಳಿಯ ಆಟವೊಂದು ಘಟ್ಟವೇರಿ ಬಂದು ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಭಾಷೆಯ ರಂಗಭೂಮಿಗೆ ಬೀಜವಾಯಿತು. ಅಲ್ಲಿಂದ ಸುಮಾರು ಒಂದೂವರೆ ನೂರು ವರ್ಷಗಳ ತರುವಾಯ ಅದೇ ಕರಾವಳಿಯ ಇನ್ನೊಂದು ಕಥೆ ಮನೆಮನೆಯ ಪೆಟ್ಟಿಗೆಯೊಳಗೆ ಮೂಡಿತು. ಈ ಎರಡನೆಯ ಪಯಣದ ದಾರಿಯನ್ನು ನಾವೀಗ ನೋಡೋಣ.

ನಗೆಯೊಡನೆ ಬೆರೆತ ಅಪರಾಧ ಕಥೆ

ಅಪರಾಧದ ಕಥೆಯಲ್ಲಿ ನಗೆಗೆ ಏನು ಕೆಲಸ? ಈ ಪ್ರಶ್ನೆಗೆ ಕಿರುತೆರೆಯಲ್ಲಿ ಬಹಳ ಮೊದಲೇ ಉತ್ತರ ಹುಡುಕಿದವರು ಇಂಗ್ಲೆಂಡಿನವರು. ಅಲ್ಲಿ 1969ರಲ್ಲಿ ‘ರ‍್ಯಾಂಡಲ್ ಅಂಡ್ ಹಾಪ್‌ಕರ್ಕ್’ ಎಂಬ ಧಾರಾವಾಹಿ ಪ್ರಸಾರಕ್ಕೆ ಬಂತು. ಡೆನಿಸ್ ಸ್ಪೂನರ್ ಕಲ್ಪಿಸಿದ ಈ ಕಥೆಯಲ್ಲಿ ಇಬ್ಬರು ಖಾಸಗಿ ಪತ್ತೇದಾರರು. ಅವರಲ್ಲಿ ಒಬ್ಬನು ಮೊದಲ ಕಂತಿನಲ್ಲಿಯೇ ಕೊಲೆಯಾಗುತ್ತಾನೆ. ಆಮೇಲೆ ಬಿಳಿಯ ಸೂಟು ತೊಟ್ಟ ದೆವ್ವವಾಗಿ ಮರಳಿ ಬಂದು ಬದುಕಿರುವ ಗೆಳೆಯನ ತನಿಖೆಗಳಿಗೆ ನೆರವಾಗುತ್ತಾನೆ. ಅವನು ಕಾಣುವುದು ಗೆಳೆಯನೊಬ್ಬನಿಗೆ ಮಾತ್ರ. ಗಾಳಿಯೊಡನೆ ಮಾತಾಡುತ್ತಿರುವ ಗೆಳೆಯನನ್ನು ಕಂಡು ಸುತ್ತಲಿನವರು ಬೆರಗಾಗುತ್ತಾರೆ, ನೋಡುಗರು ನಗುತ್ತಾರೆ. ಮೈಕ್ ಪ್ರ್ಯಾಟ್ ಮತ್ತು ಕೆನೆತ್ ಕೋಪ್ ಈ ಪಾತ್ರಗಳನ್ನು ವಹಿಸಿದ್ದರು. 26 ಕಂತುಗಳ ಈ ಧಾರಾವಾಹಿಯನ್ನು ಮುಂದೆ 2000ದಲ್ಲಿ ಬಿಬಿಸಿ ಹೊಸ ನಟರೊಂದಿಗೆ ಮತ್ತೆ ತಯಾರಿಸಿತು.

ಇಂಥ ಕಥೆಗಳಲ್ಲಿ ನಗೆಯು ಬರಿಯ ಒಗ್ಗರಣೆಯಲ್ಲ, ಕಥೆ ಹೇಳುವವನ ಉಪಾಯವೂ ಹೌದು. ಪತ್ತೇದಾರಿ ಕಥೆಗಾರನು ಸುಳಿವನ್ನು ನೋಡುಗರ ಕಣ್ಣೆದುರಿಗೇ ಇಡಬೇಕು. ಆದರೆ ಅದು ಸುಳಿವೆಂದು ಅವರಿಗೆ ಆಗಲೇ ಹೊಳೆಯಬಾರದು. ನಗುವ ಮನುಷ್ಯ ಎಚ್ಚರ ತಪ್ಪುತ್ತಾನೆ. ಹಾಸ್ಯಗಾರನ ಮಾತೆಂದು ಕೇಳಿ ಬಿಟ್ಟದ್ದೇ ಕೊನೆಯಲ್ಲಿ ಗಂಟು ಬಿಚ್ಚುವ ಕೊಂಡಿಯಾಗುತ್ತದೆ. ಇನ್ನೊಂದು ಲಾಭವೂ ಇದೆ. ಭಯವೊಂದನ್ನೇ ಅರ್ಧ ತಾಸು ಹಿಗ್ಗಿಸಿದರೆ ಅದು ಸವಕಲಾಗುತ್ತದೆ. ನಡುವೆ ನಕ್ಕವನಿಗೆ ಮುಂದಿನ ಹೆದರಿಕೆ ಮತ್ತೆ ಹೊಸದಾಗಿ ತಟ್ಟುತ್ತದೆ.

ಭಾರತದಲ್ಲಿ ಈ ಬಗೆಯನ್ನು ಮನೆಮಾತಾಗಿಸಿದ್ದು 1985ರ ‘ಕರಮ್‌ಚಂದ್’. ಪಂಕಜ್ ಪರಾಶರ್ ನಿರ್ದೇಶನದ ಈ ಹಿಂದಿ ಧಾರಾವಾಹಿಯಲ್ಲಿ ಪಂಕಜ್ ಕಪೂರ್ ಗಜ್ಜರಿ ಕಡಿಯುತ್ತ, ಕಪ್ಪು ಕನ್ನಡಕ ತೊಟ್ಟು ಕೊಲೆಗಳ ಗುಟ್ಟು ಬಿಡಿಸುತ್ತಿದ್ದರು. ಸುಷ್ಮಿತಾ ಮುಖರ್ಜಿ ಅಭಿನಯಿಸಿದ ಕಾರ್ಯದರ್ಶಿ ಕಿಟ್ಟಿಯ ಮುಗ್ಧ ಪ್ರಶ್ನೆಗಳು ದೇಶವನ್ನೇ ನಗಿಸಿದವು. ಮುಂದೆ 1993ರಲ್ಲಿ ಬಾಸು ಚಟರ್ಜಿಯವರ ‘ಬ್ಯೋಮಕೇಶ್ ಬಕ್ಷಿ’ ಬಂತು. ರಜಿತ್ ಕಪೂರ್ ನಟಿಸಿದ ಆ ಪತ್ತೇದಾರನದು ಗಂಭೀರ ಧಾಟಿ. ಈ ಎರಡರ ನಡುವಿನ ಕಾಲದಲ್ಲಿ, ಕನ್ನಡದಲ್ಲಿ, ‘ಗುಡ್ಡದ ಭೂತ’ ಕಾಣಿಸಿಕೊಂಡಿತು.

ನಮ್ಮ ಸೀಮೆಯ ಹಳೆಯ ಸೊತ್ತು

ಅಪರಾಧ ಕಥೆಯನ್ನು ಕಿರುತೆರೆ ನಮಗೆ ಕಲಿಸಿತೆಂದು ತಿಳಿಯಬಾರದು. ಬೆಳಗಾವಿ ಸೀಮೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ಕಥೆ. ಸಂಗ್ಯಾ ಪರರ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಗೆಳೆಯ ಬಾಳ್ಯಾ ನಡುವೆ ನಿಲ್ಲುತ್ತಾನೆ. ಕೊನೆಗೆ ಅದೇ ಗೆಳೆಯನ ದ್ರೋಹದಿಂದ ಸಂಗ್ಯಾ ಹತನಾಗುತ್ತಾನೆ. ಅಲ್ಲಿ ಕೊಂದವರು ಯಾರೆಂಬುದು ಗುಟ್ಟೇ ಅಲ್ಲ. ಆಟ ನೋಡಲು ಕೂತ ಪ್ರತಿಯೊಬ್ಬನಿಗೂ ಕೊನೆ ಗೊತ್ತು. ಗೊತ್ತಿದ್ದೂ ಬೆಳತನಕ ಕೂಡುವಂತೆ ಮಾಡಿದ್ದು ಹಾಡು, ಮಾತಿನ ಮೊನೆ ಮತ್ತು ನಡುನಡುವೆ ಚಿಮ್ಮುವ ನಗೆ. ಕೊಲೆಯ ಕಥೆಯಲ್ಲಿ ನಗಬಹುದು ಎಂಬುದನ್ನು ನಮ್ಮ ಹಿರಿಯರು ಜಾತ್ರೆಯ ಹಂದರದಲ್ಲಿಯೇ ಅರಿತಿದ್ದರು.

ಗುಟ್ಟನ್ನು ಕೊನೆಯ ಪುಟದ ತನಕ ಕಾಯ್ದಿಡುವ ಕಲೆಯನ್ನು ಕನ್ನಡದ ಸಾಮಾನ್ಯ ಓದುಗರಿಗೆ ಹಚ್ಚಿಸಿದವರಲ್ಲಿ ಎನ್. ನರಸಿಂಹಯ್ಯನವರು ಮುಖ್ಯರು. ಹೆಚ್ಚು ಶಾಲೆ ಕಲಿಯದ ಅವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಲೆಂದೇ ಅಕ್ಷರ ಕೂಡಿಸಿ ಓದುವುದನ್ನು ರೂಢಿಸಿಕೊಂಡವರು ನಾಡಿನಲ್ಲಿ ಅನೇಕರು. ಪಂಡಿತರು ಆ ಪುಸ್ತಕಗಳನ್ನು ಸಾಹಿತ್ಯವೆಂದು ಎಣಿಸದಿದ್ದರೂ, ಓದಿನ ಚಟ ಹಿಡಿಸಿದ ಉಪಕಾರವನ್ನು ಅಲ್ಲಗಳೆಯಲಾಗದು. ಗಡಿನಾಡಿನಲ್ಲಿ ಈ ಉಪಕಾರದ ತೂಕ ಇನ್ನೂ ಹೆಚ್ಚು. ಶಾಲೆಯ ಭಾಷೆ, ಕಚೇರಿಯ ಭಾಷೆ ಬೇರೆಯಾದ ಕಡೆ ಮನೆಮಾತಿನಲ್ಲಿ ಓದುವ ಚಟ ತಾನಾಗಿ ಹತ್ತುವುದಿಲ್ಲ. ಕೈಬಿಡಲಾಗದಂಥ ಕಥೆಯೊಂದು ಅದನ್ನು ಹಚ್ಚಬೇಕು.

ಗೋಪುರದ ನೆರಳು ಮತ್ತು ರಾಜ್ಯದ ಗೆರೆ

ಕನ್ನಡ ಕಿರುತೆರೆಯ ಚರಿತ್ರೆಯಲ್ಲಿ ಜತ್ತದ ಪಾಡು ವಿಚಿತ್ರವಾದದ್ದು. ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂದೆ ದಕ್ಷಿಣ ಸಾತಾರಾ ಜಿಲ್ಲೆಯ ಭಾಗವಾಯಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. 1956ರ ಭಾಷಾವಾರು ವಿಂಗಡಣೆಯಲ್ಲಿ ನೆರೆಯ ವಿಜಾಪುರ ಮತ್ತು ಬೆಳಗಾವಿ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಹೋದವು, ಜತ್ತ ಈಚೆಗೇ ಉಳಿಯಿತು. 1967ರ ಮಹಾಜನ ಆಯೋಗದ ವರದಿಯು ಈ ತಾಲೂಕಿನ ಹಲವು ಹಳ್ಳಿಗಳ ಕನ್ನಡತನವನ್ನು ಗುರುತಿಸಿತು. ಆ ವಾದವಿವಾದವನ್ನು ಇಲ್ಲಿ ಕೆದಕುವುದು ನಮ್ಮ ಉದ್ದೇಶವಲ್ಲ. ಗೆರೆಯೊಂದು ಕಣ್ಣಿಗೂ ಕಿವಿಗೂ ಏನು ಮಾಡಿತೆಂಬುದನ್ನಷ್ಟೇ ಹೇಳಬೇಕಾಗಿದೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ‘ಸೈಟ್’ ಎಂಬ ಉಪಗ್ರಹ ದೂರದರ್ಶನದ ಮಹಾಪ್ರಯೋಗ ನಡೆಯಿತು. ಅಮೆರಿಕೆಯ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದದ್ದು ವಿಜಾಪುರ, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿನ ಮಹಡಿಗಳಿಗಿಂತ ಮೊದಲು ವಿಜಾಪುರ ಸೀಮೆಯ ಹಳ್ಳಿಯ ಚಾವಡಿಗಳಲ್ಲಿ ಟೀವಿ ಕನ್ನಡ ಮಾತಾಡಿತು. ಅದೇ ಮಣ್ಣು, ಅದೇ ಜೋಳದ ಹೊಲ, ಅದೇ ಮಾತು ನಮ್ಮದಾಗಿದ್ದರೂ ಮಹಾರಾಷ್ಟ್ರ ಆ ಆರು ರಾಜ್ಯಗಳಲ್ಲಿ ಇರಲಿಲ್ಲ. ಹೀಗಾಗಿ ಆ ಪ್ರಯೋಗವು ನಮ್ಮ ಊರುಗಳ ಅಂಚಿಗೆ ಬಂದು ನಿಂತುಬಿಟ್ಟಿತು. ತರುವಾಯ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಬೆಂಗಳೂರು ಕೇಂದ್ರ ಉದ್ಘಾಟನೆಗೊಂಡಿತು.

ನೆಲದ ಮೇಲಿನ ಗೋಪುರಗಳಿಂದ ಪ್ರಸಾರವಾಗುತ್ತಿದ್ದ ಆ ಕಾಲದಲ್ಲಿ ಯಾವ ಊರಿಗೆ ಯಾವ ಭಾಷೆ ಎಂಬುದನ್ನು ತೀರ್ಮಾನಿಸುತ್ತಿದ್ದುದು ಗೋಪುರದ ಶಕ್ತಿ. ಸಣ್ಣ ಪಟ್ಟಣಗಳಿಗೆ ಕೊಟ್ಟ 100 ವ್ಯಾಟಿನ ಮರುಪ್ರಸಾರ ಯಂತ್ರಗಳ ಅಲೆ ಕೆಲವೇ ಹರದಾರಿ ದೂರ ಹೋಗಿ ಕ್ಷೀಣಿಸುತ್ತಿತ್ತು. ಗಡಿಯ ಹಳ್ಳಿಗಳಲ್ಲಿ ಮಾಳಿಗೆಯ ಮೇಲೇರಿ ಅಂಟೆನಾದ ಕೋಲನ್ನು ಒಂದು ದಿಕ್ಕಿಗೆ ತಿರುವಿದರೆ ಮರಾಠಿ, ಇನ್ನೊಂದು ದಿಕ್ಕಿಗೆ ತಿರುವಿದರೆ ಚುಕ್ಕೆಚುಕ್ಕೆಯ ನಡುವೆ ಕನ್ನಡ. ಮುಂಬಯಿ ದೂರದರ್ಶನದ ಮರಾಠಿ ಪೊಲೀಸ್ ಧಾರಾವಾಹಿ ‘ಏಕ್ ಶೂನ್ಯ ಶೂನ್ಯ’ವನ್ನು ಮೆಚ್ಚಿದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅದರಲ್ಲಿ ನಟಿಸಿದ ಶಿವಾಜಿ ಸಾಟಮ್ ಅವರೇ 1998ರಲ್ಲಿ ಆರಂಭವಾದ ಹಿಂದಿಯ ‘ಸಿಐಡಿ’ಯ ಮೂಲಕ ದೇಶಕ್ಕೆಲ್ಲ ಪರಿಚಿತರಾದರು. ಎರಡು ಭಾಷೆಯ ಕಥೆಗಳನ್ನು ಒಂದೇ ಜಗಲಿಯ ಮೇಲೆ ಕೂತು ನೋಡುವ ಭಾಗ್ಯ ಗಡಿನಾಡಿಗೆ ಮಾತ್ರ ಸಲ್ಲುವಂಥದು. ಆದರೆ ಆ ಎರಡರಲ್ಲಿ ಒಂದು ಸದಾ ಮಸುಕಾಗಿಯೇ ಕಾಣುತ್ತಿದ್ದರೆ, ಮಕ್ಕಳು ಸ್ಪಷ್ಟವಾಗಿ ಕಾಣುವುದನ್ನೇ ತಮ್ಮದೆಂದು ತಿಳಿಯುತ್ತಾರೆ.

ಮುಂಬಯಿಯ ಒಬ್ಬ ರಂಗಕರ್ಮಿ

‘ಗುಡ್ಡದ ಭೂತ’ದ ನಿರ್ದೇಶಕರು ಸದಾನಂದ ಸುವರ್ಣ. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 1931ರಲ್ಲಿ ಜನಿಸಿದ ಅವರು ಮುಂಬಯಿಗೆ ಹೋಗಿ ನೆಲೆಸಿದರು. ಕರಾವಳಿಯಿಂದ ಮುಂಬಯಿಗೆ ಹೋದ ಆ ತಲೆಮಾರಿನ ಹುಡುಗರ ಬದುಕಿನ ಬಗೆ ನಮಗೆ ಗೊತ್ತಿರುವಂಥದೇ. ಹಗಲು ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿತ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ, ಬಿಡುವಿದ್ದರೆ ಸಂಘದ ನಾಟಕದ ತಾಲೀಮು. ಮಾಟುಂಗಾದಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಮೊದಲಾಗಿ ಹಲವು ಸಂಸ್ಥೆಗಳು ಆ ನಗರದಲ್ಲಿ ಕನ್ನಡ ನಾಟಕಕ್ಕೆ ನೆಲೆ ಕೊಟ್ಟವು. ಕನ್ನಡ ಮತ್ತು ತುಳು ಎರಡೂ ಅಲ್ಲಿ ಒಂದೇ ರಂಗದ ಮೇಲೆ ಆಡಿದವು. ನೆರೆಯಲ್ಲಿ ಮರಾಠಿ, ಗುಜರಾತಿ ರಂಗಭೂಮಿಗಳು ಹೊಸ ಹೊಸ ಪ್ರಯೋಗ ಮಾಡುತ್ತಿದ್ದವು. ಈ ಎಲ್ಲವನ್ನೂ ಕಣ್ಣಿಟ್ಟು ನೋಡಿದವರು ಸುವರ್ಣರು. ನಾಟಕ ಬರೆದರು, ಆಡಿಸಿದರು, ನಟರನ್ನು ತಿದ್ದಿದರು.

ನಾಡಿಗೆ ಅವರ ಹೆಸರು ಮೊದಲು ತಿಳಿದದ್ದು ಸಿನಿಮಾದ ಮೂಲಕ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಯು.ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ತಮ್ಮ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದಾಗ ಅದರ ನಿರ್ಮಾಪಕರಾಗಿ ನಿಂತವರು ಸುವರ್ಣರು. ಆಗ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಿಂದ ಹೊರಬಂದ ತರುಣರು. ಹಾಡು ಕುಣಿತಗಳಿಲ್ಲದ, ವಿಧವೆಯೊಬ್ಬಳನ್ನು ಬದುಕಿರುವಾಗಲೇ ಸತ್ತಳೆಂದು ಊರು ಹೊರಹಾಕುವ ಕಥೆಗೆ ಹಣ ಹಾಕುವುದು ವ್ಯಾಪಾರದ ಲೆಕ್ಕಕ್ಕೆ ಹೊಂದುವ ಮಾತಾಗಿರಲಿಲ್ಲ. ಆ ಚಿತ್ರವು ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಗಡಿಯಾಚೆಯ ಕನ್ನಡಿಗರೊಬ್ಬರ ಬೆಂಬಲದಿಂದ ಕನ್ನಡಕ್ಕೆ ರಾಷ್ಟ್ರದ ಅತ್ಯುನ್ನತ ಮನ್ನಣೆ ದೊರೆತ ಈ ಪ್ರಸಂಗವನ್ನು ಹೊರನಾಡ ಸಂಘಗಳು ಮರೆಯಬಾರದು.

ಧಾರಾವಾಹಿಯ ನಿರ್ಮಿತಿ

ಭಾರತದಲ್ಲಿ ಪ್ರಾಯೋಜಿತ ಧಾರಾವಾಹಿಯ ಯುಗ ಆರಂಭವಾದದ್ದು 1984ರ ಜುಲೈ 7ರಂದು ಪ್ರಸಾರಕ್ಕೆ ಬಂದ ಹಿಂದಿಯ ‘ಹಮ್ ಲೋಗ್’ನಿಂದ. ಜಾಹೀರಾತುದಾರರು ಖರ್ಚಿನ ಹೊರೆ ಹೊತ್ತರೆ ಹೊರಗಿನ ನಿರ್ಮಾಪಕರು ಕಥೆ ತಯಾರಿಸಿ ದೂರದರ್ಶನಕ್ಕೆ ಕೊಡಬಹುದೆಂಬ ದಾರಿ ಆಗ ತೆರೆಯಿತು. ಅದೇ ದಾರಿಯಲ್ಲಿ ಶಂಕರನಾಗ್ ಅವರು ಆಗುಂಬೆಯನ್ನು ಆರ್.ಕೆ. ನಾರಾಯಣರ ಮಾಲ್ಗುಡಿಯನ್ನಾಗಿಸಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದರು. ಸ್ಟುಡಿಯೋದ ಬಣ್ಣದ ಪರದೆಗಳನ್ನು ಬಿಟ್ಟು ನಿಜವಾದ ಊರಿಗೆ ಹೋಗಿ, ನಿಜವಾದ ಮಳೆಯಲ್ಲಿ ಕಥೆ ಹೇಳಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಆಗಿನ ದೂರದರ್ಶನವು 13 ಕಂತುಗಳನ್ನು ಒಂದು ಅಳತೆಯಾಗಿಟ್ಟುಕೊಂಡು ಧಾರಾವಾಹಿಗಳಿಗೆ ಒಪ್ಪಿಗೆ ಕೊಡುವುದು ಸಾಮಾನ್ಯವಾಗಿತ್ತು. ವಾರಕ್ಕೊಂದು ಕಂತಿನಂತೆ ಮೂರು ತಿಂಗಳು. ಇಂದಿನಂತೆ ಸಾವಿರ ಕಂತಿನವರೆಗೆ ಎಳೆಯುವ ಅವಕಾಶ ಇರಲಿಲ್ಲ. ಕಥೆಗೆ ಒಂದು ಮೊದಲು, ಒಂದು ನಡು, ಒಂದು ಕೊನೆ ಇರಲೇಬೇಕಾಗಿತ್ತು. ರಹಸ್ಯ ಕಥೆಗೆ ಈ ಬಿಗಿ ವರವಾಯಿತು.

‘ಗುಡ್ಡದ ಭೂತ’ಕ್ಕೆ ಆಧಾರವಾದದ್ದು ತುಳು ನಾಟಕ. ತುಳು ರಂಗಭೂಮಿಯಲ್ಲಿ ಹಾಸ್ಯವಿಲ್ಲದೆ ನಾಟಕವೇ ಇಲ್ಲವೆನ್ನಬಹುದು. ಅತ್ಯಂತ ಗಂಭೀರ ಸಂಗತಿಯನ್ನೂ ಅದು ನಗೆಯ ದಾರಿಯಿಂದಲೇ ನೋಡುಗನ ಬಳಿಗೆ ಒಯ್ಯುತ್ತದೆ. ಕರಾವಳಿಯ ಒಳನಾಡಿನ ಒಂದು ಹಳ್ಳಿ. ಅಲ್ಲಿನ ಗುಡ್ಡದಲ್ಲಿ ಭೂತವಿದೆಯೆಂಬ ನಂಬಿಕೆ. ಅದರ ಭಯದಲ್ಲಿ ಬಾಳುತ್ತಿರುವ ಊರು. ನಡೆಯುತ್ತಿರುವುದು ಭೂತದ ಕೈವಾಡವೋ ಮನುಷ್ಯನ ಕೈವಾಡವೋ ಎಂಬ ಪ್ರಶ್ನೆ ಕಂತಿನಿಂದ ಕಂತಿಗೆ ಬೆಳೆಯುತ್ತದೆ. ಇನ್ನೂ ನೋಡದಿರುವ ಕಿರಿಯರ ಸಲುವಾಗಿ ನಾವು ಗುಟ್ಟನ್ನು ಇಲ್ಲಿ ಬಿಚ್ಚುವುದಿಲ್ಲ. ರಹಸ್ಯ ಕಥೆಯ ಕೊನೆಯನ್ನು ಬಾಯಿಬಿಡುವುದು ಒಳ್ಳೆಯ ನಡತೆಯೂ ಅಲ್ಲ.

ನಾಟಕವನ್ನು ಕಿರುತೆರೆಗೆ ತರುವುದು ಬರಿಯ ನಕಲು ಮಾಡುವ ಕೆಲಸವಲ್ಲ. ರಂಗದ ಮೇಲೆ ಭೂತದ ಗುಡ್ಡವನ್ನು ಮಾತಿನಿಂದಲೇ ಕಟ್ಟಬೇಕು. ಕ್ಯಾಮೆರಾಕ್ಕೆ ಗುಡ್ಡವೇ ಬೇಕು. ರಂಗದಲ್ಲಿ ನಟನು ಕೊನೆಯ ಸಾಲಿನವನಿಗೂ ಕೇಳುವಂತೆ ದನಿ ಎತ್ತಬೇಕು. ಕಿರುತೆರೆಯಲ್ಲಿ ನೋಡುಗನು ನಾಲ್ಕು ಮೊಳ ದೂರದಲ್ಲಿ ಕೂತಿರುತ್ತಾನೆ, ಹುಬ್ಬು ಹಾರಿಸಿದರೂ ಅವನಿಗೆ ತಿಳಿಯುತ್ತದೆ. ನಾಟಕವು ಒಂದು ಇರುಳಿನಲ್ಲಿ ಮುಗಿಯುತ್ತದೆ. ಧಾರಾವಾಹಿಯು ಪ್ರತಿ ವಾರವೂ ಒಂದು ಗಂಟಿನಲ್ಲಿ ನಿಲ್ಲಬೇಕು, ಏಳು ದಿನ ನೋಡುಗನ ತಲೆಯಲ್ಲಿ ಕಾಡಬೇಕು. ಬಾವಿಕಟ್ಟೆಯ ಹತ್ತಿರ, ಹೋಟೆಲಿನ ಬೆಂಚಿನ ಮೇಲೆ, ಶಾಲೆಯ ಅಂಗಳದಲ್ಲಿ ಜನ ತಾವೇ ಪತ್ತೇದಾರರಾಗಿ ವಾದ ಮಾಡುವಂತಾಗಬೇಕು. ಹಳ್ಳಿಯ ಗಾಳಿಮಾತು ಇಂಥ ಕಥೆಗೆ ದೊಡ್ಡ ಆಸರೆ. ಒಬ್ಬ ಕಂಡದ್ದನ್ನು ಇನ್ನೊಬ್ಬ ಹಿಗ್ಗಿಸಿ, ಮೂರನೆಯವ ಕೈಕಾಲು ಹಚ್ಚಿ ಹೇಳುತ್ತ ಹೋದಂತೆ ಭೂತ ಬೆಳೆಯುತ್ತದೆ. ಕೇಳುವವನಿಗೆ ನಗೆ, ಒಂಟಿಯಾಗಿ ಗುಡ್ಡ ಹತ್ತುವವನಿಗೆ ನಡುಕ.

ಅದರ ಶೀರ್ಷಿಕೆ ಗೀತೆಯನ್ನು ಹಾಡಿದವರು ಬಿ.ಆರ್. ಛಾಯಾ. ‘ಡೆನ್ನಾನ ಡೆನ್ನಾನ’ ಎಂಬ ತುಳುನಾಡಿನ ಪಾಡ್ದನದ ಧಾಟಿಯ ಪಲ್ಲವಿ ತುಳು ಅರಿಯದ ಕನ್ನಡಿಗರ ಕಿವಿಯಲ್ಲಿಯೂ ನಿಂತಿತು. ಮುಖ್ಯ ಪಾತ್ರದಲ್ಲಿ ನಟಿಸಿದವರು ಪ್ರಕಾಶ್ ರೈ. ಆಗ ಅವರು ಬೆಂಗಳೂರಿನ ರಂಗಭೂಮಿಯಿಂದ ಕಿರುತೆರೆಗೆ ಕಾಲಿಡುತ್ತಿದ್ದ ಹೊಸ ಮುಖ. ಕೆಲವೇ ವರ್ಷಗಳಲ್ಲಿ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಚಿತ್ರದ ಮೂಲಕ ತಮಿಳಿಗೆ ಹೋಗಿ, ಪ್ರಕಾಶ್ ರಾಜ್ ಎಂಬ ಹೆಸರಿನಿಂದ ಇಡೀ ಭಾರತಕ್ಕೆ ಪರಿಚಿತರಾದರು.

ಭೂತವೆಂಬ ಮಾತು

ಒಂದು ಶಬ್ದದ ಬಗೆಗೆ ಇಲ್ಲಿ ವಿವರಣೆ ಅಗತ್ಯ. ನಮ್ಮ ಭಾಗದಲ್ಲಿ ಭೂತವೆಂದರೆ ದೆವ್ವ, ಪಿಶಾಚಿ, ಬೇವಿನ ಸೊಪ್ಪಿನಿಂದ ಬಿಡಿಸಬೇಕಾದ ಪೀಡೆ. ಮರಾಠಿಯಲ್ಲಿಯೂ ಅದೇ ಅರ್ಥ. ತುಳುನಾಡಿನಲ್ಲಿ ಮಾತ್ರ ಭೂತವೆಂದರೆ ದೈವ. ಅದಕ್ಕೆ ಗುಡಿಯುಂಟು, ಕೋಲವೆಂಬ ಸೇವೆಯುಂಟು. ಜಮೀನಿನ ತಂಟೆ, ಮನೆಮನೆಯ ವ್ಯಾಜ್ಯ ಅದರ ಮುಂದೆ ಬರುತ್ತವೆ. ದೈವ ನುಡಿದ ಮಾತೇ ತೀರ್ಪು. ಅಲ್ಲಿಯ ಭಯ ಕಳ್ಳನಿಗೆ ಪೊಲೀಸರ ಬಗೆಗಿರುವಂಥ ಭಯವೂ ಹೌದು, ಮಗನಿಗೆ ತಂದೆಯ ಬಗೆಗಿರುವಂಥ ಭಯವೂ ಹೌದು. ಹೀಗಾಗಿ ‘ಗುಡ್ಡದ ಭೂತ’ ಎಂಬ ಶೀರ್ಷಿಕೆಯೇ ಎರಡು ಅರ್ಥಗಳ ನಡುವೆ ತೂಗುತ್ತದೆ. ಗುಡ್ಡದಲ್ಲಿರುವುದು ಕಾಯುವ ದೈವವೋ, ಕಾಡುವ ದೆವ್ವವೋ, ಅಥವಾ ಇವೆರಡರ ಮರೆಯಲ್ಲಿ ಅಡಗಿದ ಮನುಷ್ಯನೋ? ಬ್ರಿಟಿಷ್ ಧಾರಾವಾಹಿಯಲ್ಲಿ ದೆವ್ವವು ಪತ್ತೇದಾರನ ಜೊತೆಗಾರ. ಅದು ಇದೆಯೋ ಇಲ್ಲವೋ ಎಂಬ ಸಂಶಯ ನೋಡುಗನಿಗೆ ಇಲ್ಲ. ಇಲ್ಲಿ ಆ ಸಂಶಯವೇ ಕಥೆಯ ಜೀವಾಳ.

ಸುವರ್ಣರಿಗೆ ಈ ಬಗೆಯ ಹುಡುಕಾಟ ಒಂದು ಸಲದ ಆಸಕ್ತಿಯಾಗಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ‘ಕುಬಿ ಮತ್ತು ಇಯಾಲ’ ಕಥೆಯನ್ನು ಅವರು ಚಲನಚಿತ್ರವಾಗಿ ನಿರ್ದೇಶಿಸಿದರು; ಚಾರುಹಾಸನ್ ಮುಖ್ಯ ಪಾತ್ರ ವಹಿಸಿದರು. ಮಲೆನಾಡಿನ ಸಣ್ಣ ಊರೊಂದರ ವೈದ್ಯ ಕುಬಿ ಇಯಾಲಳ ಸಾವಿನ ನಿಜ ಕಾರಣವನ್ನು ಹುಡುಕಲು ಹೊರಡುತ್ತಾನೆ. ಊರಿಗೆ ಆ ಹುಡುಕಾಟವೇ ಬೇಡ. ತೇಜಸ್ವಿಯವರ ವ್ಯಂಗ್ಯದ ಕೆಳಗೆ ಒಂದು ಕಠಿಣ ಪ್ರಶ್ನೆಯಿದೆ: ಸುಳ್ಳಿನಲ್ಲಿ ಸುಖವಾಗಿರುವ ಸಮಾಜಕ್ಕೆ ನಿಜ ತಿಳಿಸುವವನ ಗತಿಯೇನು? ಘಟಶ್ರಾದ್ಧ, ಗುಡ್ಡದ ಭೂತ, ಕುಬಿ ಮತ್ತು ಇಯಾಲ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಊರು ನಂಬಿದ್ದನ್ನು ಕೆದಕಿ ಕೇಳುವ ಒಂದೇ ಮನಸ್ಸು ಅವುಗಳ ಹಿಂದೆ ಕೆಲಸ ಮಾಡಿದ್ದು ಕಾಣುತ್ತದೆ. ಹುಟ್ಟಿದ ಊರನ್ನು ಬಿಟ್ಟು ದೂರ ಬಾಳಿದವರಿಗೆ ಊರು ಹೆಚ್ಚು ಸ್ಪಷ್ಟವಾಗಿ ಕಾಣುವುದುಂಟು. ಅದರ ಮೇಲಿನ ಅಕ್ಕರೆ ಕಡಿಮೆಯಾಗುವುದಿಲ್ಲ, ಪ್ರಶ್ನಿಸುವ ಧೈರ್ಯ ಹೆಚ್ಚುತ್ತದೆ.

ಉಳಿದದ್ದು ಮತ್ತು ಉಳಿಸಬೇಕಾದದ್ದು

1994ರ ಜೂನ್‌ನಲ್ಲಿ ಉದಯ ವಾಹಿನಿ ಬಂದ ಬಳಿಕ ಖಾಸಗಿ ವಾಹಿನಿಗಳ ಕಾಲ ಆರಂಭವಾಯಿತು. ಉಪಗ್ರಹದ ಅಲೆಗೆ ರಾಜ್ಯದ ಗೆರೆ ಕಾಣಿಸುವುದಿಲ್ಲ. ಉಮದಿ, ಸಂಖ, ಬಿಳೂರಗಳಂಥ ಊರುಗಳಲ್ಲಿಯೂ ಬೆಂಗಳೂರಿನ ಕನ್ನಡ ನಿಚ್ಚಳವಾಗಿ ಕಾಣತೊಡಗಿತು. ಆದರೂ ‘ಗುಡ್ಡದ ಭೂತ’ವನ್ನು ಜನ ಮರೆಯಲಿಲ್ಲ. 2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ ಚಿತ್ರ ಬಂದಾಗ, ತುಳುನಾಡಿನ ಹಳ್ಳಿಯೊಂದರ ಆ ರಹಸ್ಯ ಕಥೆಯಲ್ಲಿ ‘ಡೆನ್ನಾನ’ದ ಪಲ್ಲವಿ ಮತ್ತೆ ಕೇಳಿಸಿತು. ಕಾಲು ಶತಮಾನದ ಹಿಂದೆ ಅದನ್ನು ಕೇಳಿದ್ದ ತಂದೆತಾಯಿಗಳು ಮಕ್ಕಳಿಗೆ ಹಳೆಯ ಧಾರಾವಾಹಿಯ ಕಥೆ ಹೇಳಿದರು.

ಸದಾನಂದ ಸುವರ್ಣರು 2024ರ ಜುಲೈಯಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ಇಟಲಿಯ ವೆನಿಸ್ ಚಲನಚಿತ್ರೋತ್ಸವದಲ್ಲಿ ‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿ ಪ್ರದರ್ಶನ ಕಂಡಿತು. ಹಳೆಯ ಚಿತ್ರವೊಂದು ಹೀಗೆ ಮರುಹುಟ್ಟು ಪಡೆದದ್ದು ಯಾರೋ ಅದರ ಮೂಲ ಸುರುಳಿಗಳನ್ನು ಕಾದಿಟ್ಟಿದ್ದರಿಂದ. ಕಾದಿಡದೆ ಹೋದದ್ದು ಮತ್ತೆ ಬರುವುದಿಲ್ಲ.

ಈ ಮಾತು ನಮಗೂ ಅನ್ವಯಿಸುತ್ತದೆ. ಸಂಘದ ವೇದಿಕೆಯ ಮೇಲೆ ವರ್ಷಕ್ಕೊಮ್ಮೆ ಆಡುವ ಕಿರುನಾಟಕ, ಜಾತ್ರೆಯಲ್ಲಿ ಆಡುವ ಸಣ್ಣಾಟ ಇವನ್ನು ನಾವು ಹೊತ್ತು ಕಳೆಯುವ ಸಂಗತಿಗಳೆಂದು ತಿಳಿದಿದ್ದೇವೆ. ಮುಂಬಯಿಯ ಸಂಘಗಳ ನಾಟಕಗಳೂ ಒಂದು ಕಾಲಕ್ಕೆ ಹಾಗೆಯೇ ತೋರಿರಬೇಕು. ದಣಿದ ಮೈಯಲ್ಲಿ ಸಂಜೆಯ ತಾಲೀಮಿಗೆ ಬಂದ ಹುಡುಗರಲ್ಲಿ ಒಬ್ಬನು ಮುಂದೆ ರಾಷ್ಟ್ರಪ್ರಶಸ್ತಿಯ ಚಿತ್ರವನ್ನು ನಿರ್ಮಿಸುತ್ತಾನೆ, ನಾಡೆಲ್ಲ ಕಾದು ಕೂಡುವ ಧಾರಾವಾಹಿಯನ್ನು ಕಟ್ಟುತ್ತಾನೆ ಎಂದು ಯಾರೂ ಎಣಿಸಿರಲಿಕ್ಕಿಲ್ಲ. ನಾಟಕಕ್ಕೆ ದೊಡ್ಡ ಹಣ ಬೇಕಿಲ್ಲ. ಒಂದು ಕೋಣೆ, ನಾಲ್ಕು ಜನ, ಕೇಳಬೇಕೆನಿಸುವ ಒಂದು ಕಥೆ ಇದ್ದರೆ ಸಾಕು.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ರಸ್ತೆಯ ಫಲಕಗಳಲ್ಲಿ ಮರಾಠಿ ಓದುತ್ತಾರೆ, ಕೈಯಲ್ಲಿನ ಫೋನಿನಲ್ಲಿ ಇಂಗ್ಲಿಷ್ ಮತ್ತು ಹಿಂದಿ ನೋಡುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಾಲ್ಕು ಭಾಷೆ ಬಲ್ಲವನು ಬಡವನಲ್ಲ. ಕನ್ನಡದಲ್ಲಿ ಅವರಿಗೆ ಉಪದೇಶವಷ್ಟೇ ಸಿಕ್ಕು, ನಗೆಯೂ ಕುತೂಹಲವೂ ಬೇರೆ ಭಾಷೆಗಳಲ್ಲಿ ಸಿಕ್ಕರೆ ಮಾತ್ರ ಮನೆಮಾತು ಮನೆಯಲ್ಲೇ ಮುದುಡುತ್ತದೆ. ಮಕ್ಕಳು ಭಾಷೆಯನ್ನು ಹಿಡಿದುಕೊಳ್ಳುವುದು ಅಭಿಮಾನದ ಭಾಷಣ ಕೇಳಿ ಅಲ್ಲ, ಮುಂದೇನಾಯಿತು ಎಂದು ಕೇಳುವ ಆಸೆಯಿಂದ. ಆ ಆಸೆಯನ್ನು ಹುಟ್ಟಿಸುವ ಕಥೆಗಳು ನಮ್ಮ ಬಯಲಿನಲ್ಲಿಯೂ ಇವೆ. ಬರಗಾಲದ ವರ್ಷಗಳಲ್ಲಿ ಬಾವಿ ತೋಡಿದವರ ಕಥೆ, ಕುರಿ ಕಳೆದುಕೊಂಡು ಮೂರು ಊರು ಅಲೆದವರ ಕಥೆ, ಹಳೆಯ ವಾಡೆಯಲ್ಲಿ ಹೂತಿಟ್ಟ ಹೊನ್ನಿನ ಕಥೆ, ನಡುರಾತ್ರಿ ಹೊಲದ ಬದುವಿನಲ್ಲಿ ಬೆಳಕು ಕಂಡವರ ಕಥೆ. ಇವುಗಳಲ್ಲಿ ಗುಟ್ಟೂ ಉಂಟು, ನಗೆಯೂ ಉಂಟು.

ಬರುವ ವರ್ಷಗಳಲ್ಲಿ ನಮ್ಮ ಸಂಘವು ಎರಡು ಕೆಲಸಗಳನ್ನು ಮಾಡಬಹುದೆಂದು ನಾವು ಭಾವಿಸುತ್ತೇವೆ. ತಾಲೂಕಿನ ಹಿರಿಯ ಕಲಾವಿದರು ಬಲ್ಲ ಸಣ್ಣಾಟ, ಬಯಲಾಟಗಳ ಮಾತುಹಾಡುಗಳನ್ನು ಧ್ವನಿಮುದ್ರಿಸಿ ಬರೆದಿಡುವುದು ಒಂದು. ಕನ್ನಡ ಶಾಲೆಗಳ ಮಕ್ಕಳಿಂದ ಅವರದೇ ಊರಿನ ರಹಸ್ಯ ಕಥೆಯೊಂದನ್ನು, ಜತ್ತದ ಕನ್ನಡದಲ್ಲಿಯೇ, ನಾಟಕವಾಗಿ ಬರೆಸಿ ಆಡಿಸುವುದು ಇನ್ನೊಂದು. ಅದರಲ್ಲಿ ಮರಾಠಿ ಮಾತಾಡುವ ಫೌಜದಾರನಿರಲಿ, ಕನ್ನಡದಲ್ಲಿ ಉತ್ತರ ಕೊಡುವ ಅಜ್ಜಿಯಿರಲಿ. ನಗೆ ತಾನಾಗಿ ಬರುತ್ತದೆ. ಕರಾವಳಿಯ ಆಟವನ್ನು ಕಂಡು ಸಾಂಗಲಿಯಲ್ಲಿ ಮರಾಠಿ ನಾಟಕ ಹುಟ್ಟಿತು. ಮುಂಬಯಿಯ ರಂಗದಲ್ಲಿ ಬೆಳೆದವರಿಂದ ಕನ್ನಡಕ್ಕೊಂದು ಧಾರಾವಾಹಿ ದಕ್ಕಿತು. ಜತ್ತದ ಸರದಿ ಇನ್ನೂ ಬರಬೇಕಾಗಿದೆ.